ಮಾರಿಷಸ್‌ನ ವಾಯುಭಾರಮಾಪಕ ಓದುವ ಬಗೆ

‘ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ, ರಾಜ್ಯದಲ್ಲಿ ಇನ್ನೆರಡು ದಿನ ಮಳೆ.’ ಈ ಸಾಲನ್ನು ನಾವೆಲ್ಲ ವರ್ಷಕ್ಕೆ ಹತ್ತು ಸಲವಾದರೂ ಓದುತ್ತೇವೆ. ವಾಯುಭಾರ, ಅಂದರೆ ಗಾಳಿಯ ಒತ್ತಡ, ಎಷ್ಟಿತ್ತು, ಎಷ್ಟಕ್ಕೆ ಇಳಿಯಿತು, ಅಷ್ಟು ಇಳಿದರೆ ಅದು ದೊಡ್ಡದೋ ಚಿಕ್ಕದೋ ಎಂಬುದನ್ನು ಮಾತ್ರ ಯಾರೂ ಕೇಳುವುದಿಲ್ಲ, ಪತ್ರಿಕೆಗಳೂ ಹೇಳುವುದಿಲ್ಲ. ಇವತ್ತು ಆ ಅಂಕಿಯ ಬಗ್ಗೆಯೇ ಮಾತಾಡೋಣ. ಅದಕ್ಕೆ ಮಾರಿಷಸ್ ದ್ವೀಪವನ್ನು ಆರಿಸಿಕೊಂಡಿದ್ದೇನೆ. ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ 20 ಡಿಗ್ರಿಯಲ್ಲಿ, ಸುತ್ತಲೂ ತೆರೆದ ಸಾಗರವಿರುವ ಪುಟ್ಟ ನೆಲ ಅದು. ಅಲ್ಲಿ 1851ರಲ್ಲೇ ಹವಾಮಾನ ಸಂಘ ಹುಟ್ಟಿತು. ಒಂದು ಮುಳ್ಳಿನ ಸಣ್ಣ ಅಲುಗಾಟವನ್ನು ಸರಿಯಾಗಿ ಓದುವುದು ಎಷ್ಟು ಮುಖ್ಯ ಎಂಬುದನ್ನು ಅಲ್ಲಿನ ಜನ ದುಬಾರಿ ಬೆಲೆ ತೆತ್ತು ಕಲಿತರು. ನಮ್ಮ ಮುಂಗಾರಿಗೂ ಆ ದ್ವೀಪದ ಸುತ್ತಲಿನ ಗಾಳಿಗೂ ನಂಟಿದೆ. ಅದು ಆಮೇಲೆ.

ಹಳೆಯ ಮನೆಗಳ ಗೋಡೆಯ ಮೇಲೆ ಹಿತ್ತಾಳೆಯ ದುಂಡನೆಯ ವಾಯುಭಾರಮಾಪಕವನ್ನು ನೀವು ನೋಡಿರಬಹುದು. ಅದರ ಮುಖದ ಮೇಲೆ ಇಂಗ್ಲಿಷ್‌ನಲ್ಲಿ ‘ಬಿರುಗಾಳಿ’, ‘ಮಳೆ’, ‘ಬದಲಾವಣೆ’, ‘ಒಳ್ಳೆಯ ಹವೆ’, ‘ತುಂಬ ಒಣ ಹವೆ’ ಎಂಬರ್ಥದ ಪದಗಳಿರುತ್ತವೆ. ಪಾದರಸದ ಎತ್ತರ 28 ಅಂಗುಲವಾದರೆ ಬಿರುಗಾಳಿ, 29ಕ್ಕೆ ಮಳೆ, 29.5ಕ್ಕೆ ಬದಲಾವಣೆ, 30ಕ್ಕೆ ಒಳ್ಳೆಯ ಹವೆ, 31ಕ್ಕೆ ತುಂಬ ಒಣ. ಇಂದಿನ ಮಾನದಲ್ಲಿ 28 ಅಂಗುಲ ಎಂದರೆ 948 ಹೆಕ್ಟೋಪ್ಯಾಸ್ಕಲ್, 29 ಎಂದರೆ 982, 30 ಎಂದರೆ 1016. ಹೆಕ್ಟೋಪ್ಯಾಸ್ಕಲ್ ಎಂಬುದು ಹಳೆಯ ಮಿಲಿಬಾರ್‌ನ ಇನ್ನೊಂದು ಹೆಸರು, ಅಷ್ಟೆ.

ಈ ಪದಗಳನ್ನು ಬರೆದದ್ದು ಯೂರೋಪಿನ ಹವೆಗೆ. ಅಲ್ಲಿ ಒಂದು ವಾರದಲ್ಲಿ ಒತ್ತಡ ಮೂವತ್ತು ನಲವತ್ತು ಹೆಕ್ಟೋಪ್ಯಾಸ್ಕಲ್ ಏರಿಳಿಯುವುದು ಮಾಮೂಲು. ಅದೇ ಮಾಪಕವನ್ನು ಮಾರಿಷಸ್‌ಗೆ ಒಯ್ದು ನೇತುಹಾಕಿ. ಬೇಸಿಗೆಯಲ್ಲಿ, ಅಂದರೆ ನವೆಂಬರ್‌ನಿಂದ ಏಪ್ರಿಲ್‌ವರೆಗೆ, ಸಮುದ್ರಮಟ್ಟದ ಒತ್ತಡ ಸುಮಾರು 1012. ಚಳಿಗಾಲದ ಜುಲೈ, ಆಗಸ್ಟ್‌ನಲ್ಲಿ 1020ರ ಆಸುಪಾಸು. ಇಡೀ ವರ್ಷ ಮುಳ್ಳು ‘ಒಳ್ಳೆಯ ಹವೆ’ಯ ಎಡಬಲದಲ್ಲೇ ಕೂತಿರುತ್ತದೆ, ಹೊರಗೆ ಮಳೆ ಸುರಿಯುತ್ತಿದ್ದರೂ.

ಇನ್ನೊಂದು ಉದಾಹರಣೆ ಇದಕ್ಕಿಂತ ಕಣ್ಣು ತೆರೆಸುವಂಥದ್ದು. 1994ರ ಫೆಬ್ರವರಿಯಲ್ಲಿ ಹೊಲಾಂಡ ಚಂಡಮಾರುತ ದ್ವೀಪದ ವಾಯವ್ಯಕ್ಕೆ ಸುಮಾರು 20 ಕಿಲೋಮೀಟರ್ ದೂರದಲ್ಲಿ ಹಾದುಹೋಯಿತು. ರೆಡ್ವಿಯಲ್ಲಿ ಗಂಟೆಗೆ 216 ಕಿಲೋಮೀಟರ್ ವೇಗದ ಬೀಸು ದಾಖಲಾಯಿತು. ದಾಖಲಾದ ಅತಿ ಕಡಿಮೆ ಒತ್ತಡ 984. 2002ರ ಜನವರಿಯಲ್ಲಿ ದಿನಾ ಎಂಬ ಚಂಡಮಾರುತ ಉತ್ತರಕ್ಕೆ 50 ಕಿಲೋಮೀಟರ್ ದೂರದಲ್ಲಿ ಹಾದಾಗ ಬೀಸು 228 ಕಿಲೋಮೀಟರ್, ಒತ್ತಡ 988. ಆ ಹಿತ್ತಾಳೆಯ ಮಾಪಕದಲ್ಲಿ ನೋಡಿದರೆ ಮುಳ್ಳು ಇನ್ನೂ ‘ಮಳೆ’ಯನ್ನೇ ದಾಟಿಲ್ಲ! ಮನೆಯ ತಗಡು ಹಾರಿಹೋಗುತ್ತಿರುವಾಗ ‘ಸ್ವಲ್ಪ ಮಳೆ ಬರಬಹುದು’ ಎನ್ನುತ್ತಿರುತ್ತದೆ. ಆದ್ದರಿಂದ ಉಷ್ಣವಲಯದಲ್ಲಿ ಈ ಉಪಕರಣ ಬಳಸುವವರು ಮೊದಲು ಮಾಡಬೇಕಾದದ್ದು ಆ ಪದಗಳನ್ನು ಮರೆಯುವುದು.

ಹಾಗಾದರೆ ಏನನ್ನು ನೋಡಬೇಕು? ಒತ್ತಡಕ್ಕೆ ಅಲ್ಲಿ ಒಂದು ದಿನಚರಿ ಇದೆ, ಅದನ್ನು ನೋಡಬೇಕು. ಬೆಳಿಗ್ಗೆ ಹತ್ತರ ಹೊತ್ತಿಗೆ ಒತ್ತಡ ಏರಿ ನಿಲ್ಲುತ್ತದೆ. ಅಲ್ಲಿಂದ ಇಳಿಯುತ್ತ ಸಂಜೆ ನಾಲ್ಕಕ್ಕೆ ತಳ ಮುಟ್ಟುತ್ತದೆ. ರಾತ್ರಿ ಹತ್ತಕ್ಕೆ ಮತ್ತೆ ಏರು, ಬೆಳಗಿನ ಜಾವ ನಾಲ್ಕಕ್ಕೆ ಮತ್ತೆ ಇಳಿತ. ದಿನಕ್ಕೆ ಎರಡು ಭರತ, ಎರಡು ಇಳಿತ, ಕಡಲಿನ ಹಾಗೆಯೇ. ಆದರೆ ಇದು ಚಂದ್ರನ ಕೆಲಸ ಅಲ್ಲ. ಮೇಲಿನ ವಾತಾವರಣದ ಓಝೋನು, ಕೆಳಗಿನ ನೀರಾವಿ, ಇವೆರಡೂ ಸೂರ್ಯನ ಶಾಖ ಹೀರಿಕೊಂಡು ಹಿಗ್ಗುವುದರಿಂದ ಭೂಮಿಯ ಸುತ್ತ ಏಳುವ ಅಲೆ ಇದು. ಏರಿಳಿತ ಒಟ್ಟು ಎರಡು ಮೂರು ಹೆಕ್ಟೋಪ್ಯಾಸ್ಕಲ್ ಮಾತ್ರ. ಯೂರೋಪಿನಲ್ಲೂ ಈ ಅಲೆ ಇದೆ. ಆದರೆ ಅಲ್ಲಿ ಅದು ಇನ್ನೂ ಸಣ್ಣದು, ದೊಡ್ಡ ಏರಿಳಿತಗಳಲ್ಲಿ ಮುಚ್ಚಿಹೋಗುತ್ತದೆ. ಉಷ್ಣವಲಯದಲ್ಲಿ ಬೇರೆ ಗಲಾಟೆ ಇಲ್ಲದ್ದರಿಂದ ಗಡಿಯಾರದಷ್ಟು ನಿಯಮಿತವಾಗಿ ಕಾಣುತ್ತದೆ.

ಬ್ಯಾರೋಗ್ರಾಫ್ ಎಂಬ ಯಂತ್ರದಲ್ಲಿ ಇದು ಚೆನ್ನಾಗಿ ತಿಳಿಯುತ್ತದೆ. ಗಾಳಿ ತೆಗೆದ ತೆಳು ಲೋಹದ ಡಬ್ಬಿಗಳು ಒಂದರ ಮೇಲೊಂದು ಕೂತಿರುತ್ತವೆ. ಒತ್ತಡ ಹೆಚ್ಚಿದರೆ ಅಮುಕಿಕೊಳ್ಳುತ್ತವೆ, ಕಡಿಮೆಯಾದರೆ ಉಬ್ಬುತ್ತವೆ. ಆ ಕೂದಲೆಳೆಯಷ್ಟು ಚಲನೆಯನ್ನು ಸನ್ನೆಕೋಲುಗಳು ಹಿಗ್ಗಿಸಿ ಒಂದು ಲೇಖನಿಗೆ ಮುಟ್ಟಿಸುತ್ತವೆ. ಲೇಖನಿಯ ಮುಂದೆ ಗಡಿಯಾರದ ಯಂತ್ರ ತಿರುಗಿಸುವ ಉರುಳೆ, ಅದಕ್ಕೆ ಸುತ್ತಿದ ಒಂದು ವಾರದ ಕಾಗದ. ಸೋಮವಾರ ಕಾಗದ ಬದಲಿಸಿ ಕೀ ಕೊಟ್ಟರೆ ಮುಂದಿನ ಸೋಮವಾರದವರೆಗೆ ಅದು ಗೀಚುತ್ತ ಹೋಗುತ್ತದೆ. ಮಾಮೂಲಿ ವಾರದಲ್ಲಿ ಕಾಗದದ ಮೇಲೆ ಹದಿನಾಲ್ಕು ಸಣ್ಣ ಗುಡ್ಡ, ಹದಿನಾಲ್ಕು ಸಣ್ಣ ಕಣಿವೆ. ಚಂಡಮಾರುತ ದೂರದಲ್ಲಿದ್ದಾಗ ಗುಡ್ಡ ಕಣಿವೆಗಳು ಇದ್ದೇ ಇರುತ್ತವೆ, ಇಡೀ ಸಾಲು ಮಾತ್ರ ಇಳಿಜಾರಿಗೆ ಬಿದ್ದಿರುತ್ತದೆ. ಹತ್ತಿರ ಬಂದಂತೆ ಬೆಳಿಗ್ಗೆ ಹತ್ತರ ಏರು ಬರುವುದೇ ಇಲ್ಲ. ಆ ಏರು ತಪ್ಪಿದ ಕ್ಷಣ ಎಚ್ಚರಗೊಳ್ಳಬೇಕು.

ಒಂದು ಲೆಕ್ಕ ಮಾಡಿ ನೋಡೋಣ. ಫೆಬ್ರವರಿ ತಿಂಗಳು, ತಿಂಗಳ ಸರಾಸರಿ 1012 ಎಂದಿಟ್ಟುಕೊಳ್ಳಿ. ಸಂಜೆ ನಾಲ್ಕಕ್ಕೆ ನಿಮ್ಮ ಮಾಪಕ 1008 ತೋರಿಸುತ್ತಿದೆ. ಆ ಹೊತ್ತಿಗೆ ಹೇಗೂ ಒಂದು ಹೆಕ್ಟೋಪ್ಯಾಸ್ಕಲ್‌ನಷ್ಟು ಇಳಿದಿರಬೇಕು, ಅಂದರೆ 1011 ಇರಬೇಕಿತ್ತು. ಕೊರತೆ 3. ಇನ್ನೊಂದು ದಿನ ಅದೇ 1008 ಬೆಳಿಗ್ಗೆ ಹತ್ತಕ್ಕೆ ಕಂಡಿತು. ಆಗ ಇರಬೇಕಾದದ್ದು 1013. ಕೊರತೆ 5. ಅಂಕಿ ಒಂದೇ, ಅರ್ಥ ಬೇರೆ. ಹಡಗಿನವರು ಪಾಲಿಸುವ ನಿಯಮ ಇಲ್ಲೇ ಇದೆ. ದಿನಚರಿಯ ಏರಿಳಿತ ಕಳೆದ ಮೇಲೂ ತಿಂಗಳ ಸರಾಸರಿಗಿಂತ 3 ಕಡಿಮೆ ಇದ್ದರೆ ಅನುಮಾನಪಡಿ, 5 ಕಡಿಮೆ ಇದ್ದರೆ ಹತ್ತಿರದಲ್ಲೆಲ್ಲೋ ಚಂಡಮಾರುತ ಇದೆಯೆಂದೇ ತಿಳಿದು ನಡೆಯಿರಿ. ಯೂರೋಪಿನಲ್ಲಿ ಯಾರೂ ತಿರುಗಿಯೂ ನೋಡದ ಐದು ಹೆಕ್ಟೋಪ್ಯಾಸ್ಕಲ್, ಮಾರಿಷಸ್‌ನಲ್ಲಿ ದೋಣಿಯನ್ನು ದಡಕ್ಕೆಳೆದು ಕಟ್ಟುವಷ್ಟು ದೊಡ್ಡ ಸುದ್ದಿ.

ಐದು ಎಂಬುದು ಇಷ್ಟು ದೊಡ್ಡ ಸಂಗತಿಯಾದಾಗ ಉಪಕರಣವೇ ಐದು ತಪ್ಪು ತೋರಿಸಿದರೆ ಏನು ಗತಿ? ಅದು ತೋರಿಸಿಯೇ ತೋರಿಸುತ್ತದೆ, ತಿದ್ದದೇ ಇದ್ದರೆ. ಈ ಭಾಗವನ್ನು ಸ್ವಲ್ಪ ನಿಧಾನವಾಗಿ ನೋಡೋಣ.

ಪಾದರಸದ ಮಾಪಕದಲ್ಲಿ ಮೊದಲು ಅದಕ್ಕೇ ಅಂಟಿಸಿದ ಉಷ್ಣಮಾಪಕವನ್ನು ಓದಬೇಕು. ಕೊನೆಗೆ ಓದೋಣವೆಂದು ಬಿಟ್ಟರೆ ಎದುರು ನಿಂತ ನಿಮ್ಮ ಮೈಯ ಬಿಸಿಗೇ ಅದು ಏರಿಬಿಡುತ್ತದೆ. ನಂತರ ಕೊಳವೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಫೋರ್ಟಿನ್ ಮಾದರಿಯಾದರೆ ಕೆಳಗಿನ ತೊಟ್ಟಿಯಲ್ಲಿರುವ ದಂತದ ಮೊನೆ ಪಾದರಸದ ಮೈಯನ್ನು ಆಗಷ್ಟೇ ಸೋಕುವಂತೆ ತಿರುಪು ಹೊಂದಿಸಿ. ಮೊನೆಯೂ ಅದರ ಪ್ರತಿಬಿಂಬವೂ ಕೂಡಿದರೆ ಸರಿ, ಪಾದರಸದಲ್ಲಿ ಗುಳಿ ಬಿದ್ದರೆ ಹೆಚ್ಚಾಯಿತು. ಆಮೇಲೆ ಕಣ್ಣನ್ನು ಪಾದರಸದ ಉಬ್ಬಿನ ನೆತ್ತಿಗೆ ಸಮನಾಗಿಟ್ಟು ವರ್ನಿಯರ್ ಓದಿ. ಇಷ್ಟಾದರೂ ಸಿಕ್ಕಿದ ಅಂಕಿ ನಿಜವಾದ ಒತ್ತಡ ಅಲ್ಲ. ಪಾದರಸ ಬಿಸಿಗೆ ಹಿಗ್ಗುತ್ತದೆ. ಹಿತ್ತಾಳೆಯ ಅಳತೆಪಟ್ಟಿ ಹಿಗ್ಗುವುದನ್ನೂ ಲೆಕ್ಕಕ್ಕೆ ಹಿಡಿದರೆ ಪ್ರತಿ ಡಿಗ್ರಿಗೆ ಸುಮಾರು 0.16 ಹೆಕ್ಟೋಪ್ಯಾಸ್ಕಲ್ ಹೆಚ್ಚು ತೋರಿಸುತ್ತದೆ. ಕೋಣೆ 28 ಡಿಗ್ರಿ ಇದ್ದರೆ 4.6 ಕಳೆಯಬೇಕು. ಭೂಮಿಯ ಸೆಳೆತ ಎಲ್ಲ ಅಕ್ಷಾಂಶದಲ್ಲೂ ಒಂದೇ ಅಲ್ಲ. ಮಾರಿಷಸ್‌ನ 20 ಡಿಗ್ರಿಯಲ್ಲಿ ಅದು ಪ್ರಮಾಣಕ್ಕಿಂತ ಒಂದಿಷ್ಟು ಕಡಿಮೆ, ಅದಕ್ಕೆ ಇನ್ನೂ 2.1 ಕಳೆಯಬೇಕು. ಒಟ್ಟು 6.7. ಇದನ್ನು ಕಳೆಯಲು ಮರೆತವರಿಗೆ, ಚಂಡಮಾರುತ ಸಮೀಪಿಸಿ ಒತ್ತಡ ಐದು ಇಳಿದಿದ್ದರೂ, ಸರಾಸರಿಗಿಂತ ಮೇಲೇ ಇರುವಂತೆ ಕಾಣುತ್ತದೆ.

ಲೋಹದ ಡಬ್ಬಿಯ ಅನೆರಾಯ್ಡ್ ಮಾಪಕಕ್ಕೆ ಈ ಎರಡು ತಿದ್ದುಪಡಿ ಬೇಕಿಲ್ಲ. ಆದರೆ ಅದರ ಸೊನ್ನೆ ನಿಧಾನವಾಗಿ ಜಾರುತ್ತದೆ. ವರ್ಷಕ್ಕೆ ಎರಡು ಸಲವಾದರೂ ವಿಮಾನ ನಿಲ್ದಾಣದ ಸಮುದ್ರಮಟ್ಟದ ಒತ್ತಡಕ್ಕೆ ಹೋಲಿಸಿ ಬೆನ್ನಿನ ಸಣ್ಣ ತಿರುಪಿನಿಂದ ಸರಿಪಡಿಸಬೇಕು. ಮಾರಿಷಸ್‌ನಲ್ಲಾದರೆ ಪ್ಲೇಸಾನ್ಸ್ ನಿಲ್ದಾಣದ ಅಂಕಿ ಪ್ರತಿ ಗಂಟೆ ಸಿಗುತ್ತದೆ. ಇದನ್ನು ಹವೆ ಶಾಂತವಾಗಿರುವ ದಿನ ಮಾಡಿ, ಗಾಳಿ ಎದ್ದ ದಿನ ಬೇಡ. ಎದ್ದ ದಿನ ನಿಮ್ಮ ಊರಿಗೂ ನಿಲ್ದಾಣಕ್ಕೂ ನಡುವೆ ನಿಜವಾಗಿಯೇ ವ್ಯತ್ಯಾಸ ಇರುತ್ತದೆ, ಅದನ್ನು ತಿರುಪಿನಲ್ಲಿ ಅಳಿಸಿಹಾಕಿದಂತಾಗುತ್ತದೆ.

ಎತ್ತರ ಅತಿ ದೊಡ್ಡ ತಿದ್ದುಪಡಿ. ಸಮುದ್ರಮಟ್ಟದ ಹತ್ತಿರ, ಅಲ್ಲಿನ ಬೆಚ್ಚನೆಯ ಗಾಳಿಯಲ್ಲಿ, ಎಂಟೂವರೆ ಮೀಟರ್ ಮೇಲೇರಿದರೆ ಒಂದು ಹೆಕ್ಟೋಪ್ಯಾಸ್ಕಲ್ ಇಳಿಯುತ್ತದೆ. ಒಂದು ಮಹಡಿ ಹತ್ತಿದರೆ ಮೂರನೆಯ ಒಂದು ಭಾಗ. ನಿಮ್ಮ ಫೋನಿನಲ್ಲಿ ಒತ್ತಡದ ಸೆನ್ಸರ್ ಇದ್ದರೆ ಮೆಟ್ಟಿಲಲ್ಲೇ ಪರೀಕ್ಷಿಸಬಹುದು. ಮಾರಿಷಸ್ ಹವಾಮಾನ ಸೇವೆಯ ಮುಖ್ಯ ಕಚೇರಿ ವಾಕ್ವಾದಲ್ಲಿದೆ, ಸುಮಾರು 425 ಮೀಟರ್ ಎತ್ತರದಲ್ಲಿ. ಸಮುದ್ರಮಟ್ಟದಲ್ಲಿ 1015 ಇರುವ ಹೊತ್ತಿಗೆ ಅಲ್ಲಿನ ನಿಜವಾದ ಒತ್ತಡ 967ರಷ್ಟು. ಎತ್ತರ ಗೊತ್ತಿಲ್ಲದವರು ಆ 967 ನೋಡಿದರೆ ಭೀಕರ ಚಂಡಮಾರುತದ ನಡುವೆ ಕೂತಿದ್ದೇವೆ ಎಂದುಕೊಳ್ಳಬೇಕು. ಬೆಂಗಳೂರಿನಲ್ಲಿ ಬಿಡಿ, 920 ಮೀಟರ್ ಎತ್ತರದಲ್ಲಿ ದಿನವೂ 910ರ ಆಸುಪಾಸು. ಹವಾಮಾನ ನಕ್ಷೆಯ ಮೇಲಿನ ಅಂಕಿಗಳೆಲ್ಲ ಸಮುದ್ರಮಟ್ಟಕ್ಕೆ ಇಳಿಸಿದವು ಎಂಬುದನ್ನು ನೆನಪಿಡಿ.

ಬಿರುಗಾಳಿಯ ಹೊತ್ತಿನಲ್ಲೇ ಕಾಡುವ ಇನ್ನೊಂದು ತಪ್ಪಿದೆ. ಗಂಟೆಗೆ 120 ಕಿಲೋಮೀಟರ್ ಗಾಳಿ ಗೋಡೆಗೆ ಬಡಿದಾಗ ಅದರ ನೂಕುಬಲವೇ ಆರೂವರೆ ಹೆಕ್ಟೋಪ್ಯಾಸ್ಕಲ್‌ನಷ್ಟು. ಗಾಳಿ ಬರುವ ಕಡೆಯ ಕಿಟಕಿ ತೆರೆದಿದ್ದರೆ ಮನೆಯೊಳಗಿನ ಮಾಪಕ ಅಷ್ಟರಮಟ್ಟಿಗೆ ಹೆಚ್ಚು ತೋರಿಸಬಹುದು, ಹಿಂದಿನ ಕಿಟಕಿ ತೆರೆದಿದ್ದರೆ ಕಡಿಮೆ. ಮುಳ್ಳು ಪಂಪು ಹೊಡೆದಂತೆ ಕುಣಿಯುತ್ತಿದ್ದರೆ ನಡುವಿನ ಅಂಕಿ ಹಿಡಿಯಿರಿ.

ಕಿಟಕಿಯ ಮಾತು ಬಂದದ್ದರಿಂದ ಒಂದು ಅಪಾಯಕಾರಿ ನಂಬಿಕೆಯನ್ನೂ ಹೇಳಿಬಿಡುತ್ತೇನೆ. ‘ಹೊರಗೆ ಒತ್ತಡ ಇಳಿದಾಗ ಒಳಗಿನ ಒತ್ತಡಕ್ಕೆ ಮನೆ ಸಿಡಿಯುತ್ತದೆ, ಕಿಟಕಿ ತೆರೆದಿಡಿ’ ಎನ್ನುವವರು ಹಲವು ದೇಶಗಳಲ್ಲಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಚಂಡಮಾರುತದಲ್ಲಿ ಒತ್ತಡ ಇಳಿಯುವುದಕ್ಕೆ ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಬಾಗಿಲ ಸಂದು, ಹೆಂಚಿನ ಸಂದುಗಳಲ್ಲೇ ಒಳಗೂ ಹೊರಗೂ ಸಮವಾಗಿರುತ್ತದೆ. ಚಾವಣಿ ಏಳುವುದು ಗಾಳಿ ಒಳನುಗ್ಗಿ ಕೆಳಗಿನಿಂದ ಎತ್ತಿದಾಗ, ಅದೇ ಹೊತ್ತಿಗೆ ಮೇಲಿನ ಗಾಳಿ ಹೀರಿದಾಗ. ತೆರೆದ ಕಿಟಕಿ ಆ ಗಾಳಿಗೆ ದಾರಿ ಮಾಡಿಕೊಡುತ್ತದೆ. ಮಾರಿಷಸ್‌ನಲ್ಲಿ ಗಾಜಿನ ಹೊರಗೆ ಗಟ್ಟಿ ಪಡಿ ಹಾಕಿ ಭದ್ರಮಾಡುವುದು ಇದಕ್ಕೇ.

ಈಗ ದ್ವೀಪದ ವರ್ಷವನ್ನು ನೋಡೋಣ. ಅದು ದಕ್ಷಿಣಾರ್ಧಗೋಳವಾದ್ದರಿಂದ ನಮ್ಮ ಮಳೆಗಾಲ ಅವರಿಗೆ ಚಳಿಗಾಲ. ಆ ತಿಂಗಳುಗಳಲ್ಲಿ ದ್ವೀಪದ ದಕ್ಷಿಣಕ್ಕೆ, 30 ಡಿಗ್ರಿಯ ಸುತ್ತ, ಮಸ್ಕರೇನ್ ಎಂದು ಕರೆಯುವ ಅಧಿಕ ಒತ್ತಡದ ದೊಡ್ಡ ವಲಯ ಬಲಗೊಂಡು 1020ನ್ನು ದಾಟಿ ನಿಲ್ಲುತ್ತದೆ. ಮಾರಿಷಸ್ ಅದರ ಉತ್ತರದ ಅಂಚಿನಲ್ಲಿದೆ. ಹಾಗಾಗಿ ಆಗ್ನೇಯ ವಾಣಿಜ್ಯ ಮಾರುತ ಅಲ್ಲಿ ಹಗಲಿರುಳು ಬೀಸುತ್ತದೆ. ಇಲ್ಲೂ ಆ ಹಿತ್ತಾಳೆಯ ಮುಖದ ಪದಗಳು ತಪ್ಪು ದಾರಿಗೆಳೆಯುತ್ತವೆ. ದಕ್ಷಿಣದಲ್ಲಿ ಶೀತ ಮುನ್ನೆಲೆ, ಅಂದರೆ ನುಗ್ಗಿಬರುವ ತಂಪು ಗಾಳಿಯ ಮುಂದಿನ ಅಂಚು, ಹಾದುಹೋಗಿ ಅದರ ಬೆನ್ನಿಗೆ ಅಧಿಕ ಒತ್ತಡ ಬಂದು ಕೂತಾಗ ಮುಳ್ಳು 1025ರತ್ತ ಏರುತ್ತದೆ. ‘ಒಳ್ಳೆಯ ಹವೆ’ ಎನ್ನುವ ಆ ದಿನವೇ ಗಾಳಿ ಬಲಗೊಂಡು, ಕಡಲುಬ್ಬರ ಎದ್ದು, ಮೀನಿಗೆ ಹೋದವರಿಗೆ ಕಷ್ಟ. ಒತ್ತಡ ಹೆಚ್ಚೋ ಕಡಿಮೆಯೋ ಎಂಬುದರಿಂದ ಗಾಳಿಯ ವೇಗ ತಿಳಿಯುವುದಿಲ್ಲ. ಪಕ್ಕದ ಊರಿಗೂ ನಮ್ಮೂರಿಗೂ ಎಷ್ಟು ವ್ಯತ್ಯಾಸ ಎಂಬುದರಿಂದ ತಿಳಿಯುತ್ತದೆ.

ಆಗ್ನೇಯ ಗಾಳಿ ಗುಡ್ಡ ಏರುವಲ್ಲಿ ಮಳೆ, ಇಳಿಯುವಲ್ಲಿ ಒಣ. ದ್ವೀಪದ ನಡುವಿನ ಪ್ರಸ್ಥಭೂಮಿಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್‌ವರೆಗೆ ಮಳೆ, ಅಲ್ಲಿಂದ ಮುಕ್ಕಾಲು ಗಂಟೆಯ ದಾರಿಯ ಪಶ್ಚಿಮ ತೀರದಲ್ಲಿ 900ರಷ್ಟು. ಆಗುಂಬೆಗೂ ಅದರ ಪೂರ್ವದ ಬಯಲುಸೀಮೆಗೂ ಇರುವ ವ್ಯತ್ಯಾಸ ತಿಳಿದ ನಮಗೆ ಇದನ್ನು ವಿವರಿಸಬೇಕಿಲ್ಲ. ದಿಕ್ಕು ಮಾತ್ರ ತಿರುಗಾಮುರುಗಾ.

ಆ ಮಸ್ಕರೇನ್ ವಲಯದಿಂದ ಹೊರಟ ಗಾಳಿ ಮಾರಿಷಸ್‌ನಲ್ಲೇ ನಿಲ್ಲುವುದಿಲ್ಲ. ಜೂನ್, ಜುಲೈನಲ್ಲಿ ಪಾಕಿಸ್ತಾನ, ರಾಜಸ್ಥಾನದ ಕಾದ ನೆಲದ ಮೇಲೆ ಒತ್ತಡ 995ರ ಆಸುಪಾಸಿಗೆ ಇಳಿದಿರುತ್ತದೆ. ದಕ್ಷಿಣದಲ್ಲಿ 1024, ಉತ್ತರದಲ್ಲಿ 995. ಈ ಇಳಿಜಾರಿನಲ್ಲಿ ಗಾಳಿ ಉತ್ತರಕ್ಕೆ ಹರಿದು, ಪೂರ್ವ ಆಫ್ರಿಕಾದ ಎತ್ತರದ ನೆಲಕ್ಕೆ ಒರಗಿ ಭೂಮಧ್ಯರೇಖೆ ದಾಟುತ್ತದೆ. ಭೂಮಿಯ ತಿರುಗುವಿಕೆ ದಕ್ಷಿಣದಲ್ಲಿ ಅದನ್ನು ಎಡಕ್ಕೆ ತಳ್ಳುತ್ತಿತ್ತು, ದಾಟಿದ ಮೇಲೆ ಬಲಕ್ಕೆ ತಳ್ಳುತ್ತದೆ. ಆಗ್ನೇಯ ಗಾಳಿ ನೈರುತ್ಯ ಗಾಳಿಯಾಗುತ್ತದೆ. ಸೊಮಾಲಿಯಾದ ಕರಾವಳಿಯಲ್ಲಿ, ನೆಲದಿಂದ ಒಂದು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ, ಅದು ಬಿರುಸಾದ ಹೊನಲಾಗಿ ನುಗ್ಗುತ್ತದೆ. 1969ರಲ್ಲಿ ಜಾನ್ ಫಿಂಡ್ಲೇಟರ್ ವಿವರಿಸಿದ ಈ ಹೊನಲು ಅರಬ್ಬೀ ಸಮುದ್ರದ ನೀರಾವಿ ಹೊತ್ತು ನೇರ ಪಶ್ಚಿಮಘಟ್ಟಕ್ಕೆ ಬಡಿಯುತ್ತದೆ. ಹುಲಿಕಲ್ಲು, ಆಗುಂಬೆ, ಮಡಿಕೇರಿಯಲ್ಲಿ ಸುರಿಯುವುದು ಅದೇ. ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಗಿಲ್ಬರ್ಟ್ ವಾಕರ್ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮುಂಗಾರಿನ ಮುನ್ಸೂಚನೆಗೆ ಒಂದು ಲೆಕ್ಕ ಕಟ್ಟಿದರು. ಹಿಮಾಲಯದ ಹಿಮ, ದಕ್ಷಿಣ ಅಮೆರಿಕದ ಒತ್ತಡ, ಜಂಜಿಬಾರದ ಮಳೆಯ ಜೊತೆಗೆ ಮಾರಿಷಸ್‌ನ ಮೇ ತಿಂಗಳ ಒತ್ತಡವೂ ಅದರಲ್ಲಿತ್ತು. ಆ ಸಂಬಂಧಗಳಲ್ಲಿ ಹಲವು ಮುಂದಿನ ದಶಕಗಳಲ್ಲಿ ಸಡಿಲಗೊಂಡವು, ಲೆಕ್ಕವನ್ನು ಮತ್ತೆ ಮತ್ತೆ ಬದಲಿಸಬೇಕಾಯಿತು. ಆದರೂ ಕರ್ನಾಟಕದ ರೈತನ ಬಿತ್ತನೆಗೆ ಮಾರಿಷಸ್‌ನ ಪಾದರಸದ ಕಂಬವನ್ನು ನೋಡಬೇಕು ಎಂದು ನೂರು ವರ್ಷಕ್ಕೂ ಹಿಂದೆ ಹೊಳೆದದ್ದು ಸಣ್ಣ ಮಾತಲ್ಲ.

ಈಗ ಚಂಡಮಾರುತಕ್ಕೆ ಬರೋಣ. ಅವರ ಬೇಸಿಗೆಯಲ್ಲಿ ಮಸ್ಕರೇನ್ ವಲಯ ದಕ್ಷಿಣಕ್ಕೆ ಸರಿದು ಸಡಿಲಗೊಳ್ಳುತ್ತದೆ. ಕಾದ ಸಾಗರದ ಮೇಲೆ ಈಶಾನ್ಯದಲ್ಲಿ ಹುಟ್ಟಿದ ಸುಳಿಗಳು ಸಾಮಾನ್ಯವಾಗಿ ನೈರುತ್ಯಕ್ಕೆ ಬಂದು ಆಮೇಲೆ ದಕ್ಷಿಣಕ್ಕೆ ಬಾಗುತ್ತವೆ. ‘ಸೈಕ್ಲೋನ್’ ಎಂಬ ಪದವನ್ನು 1848ರಲ್ಲಿ ಕಲ್ಕತ್ತೆಯ ಹೆನ್ರಿ ಪಿಡಿಂಗ್ಟನ್ ಕೊಟ್ಟರು. ಮಾರಿಷಸ್‌ನಲ್ಲಿ ಗಣಿತ ಕಲಿಸುತ್ತಿದ್ದ ಚಾರ್ಲ್ಸ್ ಮೆಲ್ಡ್ರಮ್, ಹವಾಮಾನ ಸಂಘದ ಮೂಲಕ, ಪೋರ್ಟ್ ಲೂಯಿ ಬಂದರಿಗೆ ಬಂದ ಹಡಗುಗಳ ದಿನಚರಿ ಪುಸ್ತಕಗಳಿಂದ ಗಾಳಿಯ ದಿಕ್ಕು, ಒತ್ತಡಗಳನ್ನು ನಕಲು ಮಾಡಿಸಿ ನಕ್ಷೆಯ ಮೇಲಿಟ್ಟರು. ಗಾಳಿ ಕೇಂದ್ರದ ಸುತ್ತ ಬಳೆಯಂತೆ ಸುತ್ತುವುದಿಲ್ಲ, ಒಳಕ್ಕೆ ಸುರುಳಿಯಾಗಿ ಹೋಗುತ್ತದೆ ಎಂದು ಅವರು ತೋರಿಸಿಕೊಟ್ಟರು. ಬಳೆ ಎಂದು ನಂಬಿ ಕೇಂದ್ರದ ದಿಕ್ಕು ಲೆಕ್ಕಹಾಕಿದ ಹಡಗುಗಳು ತಪ್ಪಿಸಿಕೊಳ್ಳಲು ಹೋಗಿ ಸುಳಿಯ ಬಾಯಿಗೇ ಬೀಳುತ್ತಿದ್ದವು. ಒಂದು ತಿದ್ದುಪಡಿ ಎಷ್ಟು ಜೀವ ಉಳಿಸಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುವುದಿಲ್ಲ.

ದಿಕ್ಕು ಕಂಡುಕೊಳ್ಳುವ ಬಗೆ ಸುಲಭ. ಗಾಳಿ ಬೆನ್ನಿಗೆ ಬಡಿಯುವಂತೆ ನಿಲ್ಲಿ. ದಕ್ಷಿಣಾರ್ಧಗೋಳದಲ್ಲಿ ಕಡಿಮೆ ಒತ್ತಡದ ಕೇಂದ್ರ ನಿಮ್ಮ ಬಲಗೈ ಕಡೆ, ತುಸು ಮುಂದಕ್ಕೆ. ನಮ್ಮಲ್ಲಾದರೆ ಎಡಗೈ ಕಡೆ. ಮಾರಿಷಸ್‌ನಲ್ಲಿ ಆಗ್ನೇಯ ಗಾಳಿಗೆ ಬೆನ್ನುಕೊಟ್ಟರೆ ಮುಖ ವಾಯವ್ಯಕ್ಕೆ, ಬಲಗೈ ಈಶಾನ್ಯಕ್ಕೆ. ಅಂದರೆ ಸುಳಿ ಬರುವ ಬಾಗಿಲಿಗೆ. ಇಲ್ಲೇ ತೊಡಕು. ಆಗ್ನೇಯ ಗಾಳಿ ಅಲ್ಲಿ ಮಾಮೂಲಿನದೇ! ಗಾಳಿ ಬರೀ ಜೋರಾಗಿದೆಯೋ, ಸುಳಿ ಬರುತ್ತಿದೆಯೋ ಎಂದು ಹೇಳುವುದು ಒತ್ತಡ ಮಾತ್ರ. ಗಾಳಿ ಜೋರಾಗಿ ಒತ್ತಡ ಏರುತ್ತಿದ್ದರೆ ಅದು ದಕ್ಷಿಣದ ಅಧಿಕ ಒತ್ತಡದ ಕೆಲಸ. ಗಾಳಿ ಜೋರಾಗಿ ಒತ್ತಡ ಇಳಿಯುತ್ತಿದ್ದರೆ ಸುಳಿ.

ಮುಂದೆ ಗಂಟೆಗೊಮ್ಮೆ ಎರಡನ್ನೂ ಬರೆದಿಡಿ. ಗಾಳಿ ಬರುವ ದಿಕ್ಕು ಆಗ್ನೇಯದಿಂದ ಪೂರ್ವಕ್ಕೆ, ಈಶಾನ್ಯಕ್ಕೆ, ಉತ್ತರಕ್ಕೆ ತಿರುಗುತ್ತ ಹೋದರೆ ಕೇಂದ್ರ ದ್ವೀಪದ ಉತ್ತರದಿಂದ ಪಶ್ಚಿಮಕ್ಕೆ ಹಾದುಹೋಗುತ್ತಿದೆ. ದಕ್ಷಿಣಕ್ಕೆ, ನೈರುತ್ಯಕ್ಕೆ ತಿರುಗಿದರೆ ಪೂರ್ವದಿಂದ ದಕ್ಷಿಣಕ್ಕೆ ಹಾಯುತ್ತಿದೆ. ಗಾಳಿಯ ದಿಕ್ಕು ಕದಲದೆ, ವೇಗ ಏರುತ್ತ, ಒತ್ತಡ ಬಿರುಸಾಗಿ ಇಳಿಯುತ್ತಿದ್ದರೆ ಅದು ನೇರ ನಿಮ್ಮ ಮೇಲೆಯೇ ಬರುತ್ತಿದೆ. ದೂರ ಎಷ್ಟು ಎಂದು ಮಾತ್ರ ಒಂದು ಮಾಪಕ ಹೇಳಲಾರದು. ದೊಡ್ಡ ಸುಳಿ ದೂರದಿಂದಲೇ ಒತ್ತಡ ಇಳಿಸುತ್ತದೆ, ಸಣ್ಣದು ಹತ್ತಿರ ಬರುವತನಕ ಸುಮ್ಮನಿದ್ದು ಕಡೆಯ ಮೂರು ಗಂಟೆಯಲ್ಲಿ ಕುಸಿಸುತ್ತದೆ.

ನೇರ ಹೊಡೆತ ಎಂದರೆ ಏನೆಂದು 1892ರ ಏಪ್ರಿಲ್ 29 ತೋರಿಸಿತು. ಚಂಡಮಾರುತದ ಕಾಲ ಮುಗಿಯಿತು ಎನ್ನುವ ಹೊತ್ತಿಗೆ, ಮಾಮೂಲು ದಾರಿ ಬಿಟ್ಟು ವಾಯವ್ಯದ ಕಡೆಯಿಂದ ಬಂದ ಸುಳಿ ಅದು. ಮೊದಲು ಗಾಳಿ ಈಶಾನ್ಯದಿಂದ ಹೊಡೆಯಿತು. ಒತ್ತಡ 947ಕ್ಕೆ ಇಳಿಯಿತು. ನಡುವೆ ಗಾಳಿ ನಿಂತಿತು. ಮುಗಿಯಿತೆಂದು ಜನ ಹೊರಬಂದರು. ಆಮೇಲೆ ಎದುರು ದಿಕ್ಕಿನ ನೈರುತ್ಯದಿಂದ, ಮೊದಲಿಗಿಂತ ರಭಸವಾಗಿ ಗಾಳಿ ತಿರುಗಿಬಂದು ಪೋರ್ಟ್ ಲೂಯಿಯ ದೊಡ್ಡ ಭಾಗವನ್ನು ಕೆಡವಿತು. ಸತ್ತವರು ಸುಮಾರು 1,200. 1960ರ ಫೆಬ್ರವರಿ ಕೊನೆಯಲ್ಲಿ ಕ್ಯಾರಲ್ ಚಂಡಮಾರುತ ಬಂದಾಗಲೂ ಅದರ ಕಣ್ಣು, ಅಂದರೆ ಸುಳಿಯ ನಡುವಿನ ಶಾಂತ ಭಾಗ, ದ್ವೀಪದ ಮೇಲೆಯೇ ಹಾಯಿತು. ಒತ್ತಡ 943, ಬೊ ಬಾಸಾನಿನಲ್ಲಿ ಬೀಸು 256 ಕಿಲೋಮೀಟರ್, ನಡುವಿನ ಶಾಂತಿ ಗಂಟೆಗಟ್ಟಲೆ. ಕೇವಲ ಐದಾರು ವಾರ ಹಿಂದೆ ಆಲಿಕ್ಸ್ ಹೊಡೆದಿತ್ತು. ಆ ವರ್ಷದ ಸಕ್ಕರೆ ಹಿಂದಿನ ವರ್ಷದ ಅರ್ಧಕ್ಕಿಂತ ಕಡಿಮೆಯಾಯಿತು. ಮರ, ತಗಡಿನ ಮನೆಗಳ ದ್ವೀಪ ಕಾಂಕ್ರೀಟಿನ ಕಡೆಗೆ ತಿರುಗಿದ್ದು ಆಮೇಲೆಯೇ.

ಕಣ್ಣಿನ ಆ ಶಾಂತಿಯಲ್ಲಿ ಮಾಪಕದ ಮಾತು ಕೇಳಬೇಕು. ಗಾಳಿ ನಿಂತಿದೆ, ಆಕಾಶ ಬೆಳಗಿದೆ, ಆದರೆ ಮುಳ್ಳು 943ರಲ್ಲಿ ತಳಕಚ್ಚಿ ಕೂತಿದೆ. ಒತ್ತಡ ಏರದೆ ಗಾಳಿ ನಿಂತರೆ ಚಂಡಮಾರುತ ಅರ್ಧ ಮಾತ್ರ ಮುಗಿದಿದೆ. ಮುಳ್ಳು ಮೇಲಕ್ಕೆ ಹೊರಟಿತೆಂದರೆ ಎರಡನೆಯ ಗಾಳಿ ಬಾಗಿಲಲ್ಲಿದೆ. ಆ ಬಿಡುವಿನಲ್ಲಿ ಮಾಡಬಹುದಾದ ಕೆಲಸ ಒಂದೇ. ಇದುವರೆಗೆ ಮರೆಯಲ್ಲಿದ್ದ ಗೋಡೆಯ ಕಿಟಕಿ ಪಡಿಗಳನ್ನು ಭದ್ರಪಡಿಸಿ ಒಳಗೆ ಹೋಗುವುದು.

ಒತ್ತಡ ಇಳಿದರೆ ಕಡಲೂ ಏಳುತ್ತದೆ. ಒಂದು ಹೆಕ್ಟೋಪ್ಯಾಸ್ಕಲ್‌ಗೆ ಒಂದು ಸೆಂಟಿಮೀಟರ್. 1012ರಿಂದ 943ಕ್ಕೆ ಇಳಿದಾಗ ಸುಮಾರು 70 ಸೆಂಟಿಮೀಟರ್. ಗಾಳಿ ತಳ್ಳಿದ ನೀರು, ಅಲೆ ಎಲ್ಲ ಅದರ ಮೇಲೆ. ಬಂಗಾಳ ಕೊಲ್ಲಿಯಂತೆ ಅಲ್ಲಿ ಆಳವಿಲ್ಲದ ಕಡಲು ಉದ್ದಕ್ಕೂ ಹರಡಿಲ್ಲ, ದ್ವೀಪದ ಅಂಚು ದಾಟಿದರೆ ಆಳ. ಆದ್ದರಿಂದ ನೀರಿನ ಗೋಡೆ ಅಷ್ಟು ಎತ್ತರ ಕಟ್ಟುವುದಿಲ್ಲ.

ಎಚ್ಚರಿಕೆಯ ಕ್ರಮ ಹಲವು ದಶಕ ನಾಲ್ಕು ದರ್ಜೆಯದಾಗಿತ್ತು. ಗಂಟೆಗೆ 120 ಕಿಲೋಮೀಟರ್ ಬೀಸು ಬರುವ 36ರಿಂದ 48 ಗಂಟೆ ಮೊದಲು ಒಂದನೆಯದು. 12 ಗಂಟೆ ಹಗಲು ಸಿಗುವಂತೆ ಎರಡನೆಯದು. 6 ಗಂಟೆ ಹಗಲು ಸಿಗುವಂತೆ ಮೂರನೆಯದು. 120ರ ಬೀಸು ದಾಖಲಾಗಿ ಮುಂದುವರಿಯುವ ಲಕ್ಷಣವಿದ್ದರೆ ನಾಲ್ಕನೆಯದು. ಹಗಲನ್ನು ಲೆಕ್ಕಹಾಕಿದ್ದು ನನಗೆ ತುಂಬ ಹಿಡಿಸುತ್ತದೆ. ಚಾವಣಿಗೆ ಹಗ್ಗ ಬಿಗಿಯುವುದು, ದನಕರು ಸಾಗಿಸುವುದು ಕತ್ತಲಲ್ಲಿ ಆಗುವ ಕೆಲಸಗಳಲ್ಲ.

ಆದರೆ ಈ ಕ್ರಮ ಅಳೆದದ್ದು ಗಾಳಿಯನ್ನು. ಮಳೆ ಬೇರೆಯೇ ಲೆಕ್ಕ. 2024ರ ಜನವರಿ 15ರಂದು ಬೆಲಾಲ್ ಚಂಡಮಾರುತದ ಹೊತ್ತಿನಲ್ಲಿ ಪೋರ್ಟ್ ಲೂಯಿಯ ಬೀದಿಗಳಲ್ಲಿ ನೀರು ನುಗ್ಗಿ ಕಾರುಗಳು ಕೊಚ್ಚಿಹೋದವು. 2013ರ ಮಾರ್ಚ್ 30ರಂದು ಚಂಡಮಾರುತವೇ ಇರಲಿಲ್ಲ. ಎರಡು ಗಂಟೆಯೊಳಗೆ ಅದೇ ಊರಿನ ಮೇಲೆ ಸುಮಾರು 150 ಮಿಲಿಮೀಟರ್ ಸುರಿದು 11 ಜನ ಸತ್ತರು, ಹಲವರು ನೆಲದಡಿಯ ದಾರಿಯಲ್ಲಿ, ವಾಹನ ನಿಲ್ಲಿಸುವ ನೆಲಮಾಳಿಗೆಯಲ್ಲಿ ಸಿಕ್ಕಿಕೊಂಡು. ಗುಡ್ಡದ ಬುಡದಲ್ಲಿ ಕಟ್ಟಿದ ಊರು, ನೀರಿಗೆ ದಾರಿಯಿಲ್ಲ. ಇಂಥ ಮೋಡಕ್ಕೆ ಒತ್ತಡದಲ್ಲಿ ಆಗುವ ಬದಲಾವಣೆ ಒಂದೆರಡು ಹೆಕ್ಟೋಪ್ಯಾಸ್ಕಲ್ ಮಾತ್ರ, ಅದೂ ಮೋಡ ತಲೆಯ ಮೇಲೆ ಬಂದಾಗ. ವಾಯುಭಾರಮಾಪಕ ಇಲ್ಲಿ ಕೈಚೆಲ್ಲುತ್ತದೆ. ನೋಡಬೇಕಾದದ್ದು ಮಳೆಮಾಪಕವನ್ನು, ರಾಡಾರನ್ನು, ಹಳ್ಳದ ನೀರನ್ನು. 12 ಗಂಟೆಯೊಳಗೆ 100 ಮಿಲಿಮೀಟರ್ ಬಿದ್ದು ಇನ್ನೂ ಸುರಿಯುವ ಲಕ್ಷಣವಿದ್ದರೆ ಅಲ್ಲಿ ಧಾರಾಕಾರ ಮಳೆಯ ಪ್ರತ್ಯೇಕ ಎಚ್ಚರಿಕೆ ಕೊಡುತ್ತಿದ್ದುದು ಇದಕ್ಕಾಗಿಯೇ.

ಇದನ್ನೆಲ್ಲ ಕೈಯಾರೆ ನೋಡಬೇಕೆನಿಸಿದರೆ ಮಾರಿಷಸ್‌ಗೆ ಹೋಗಬೇಕಿಲ್ಲ. ಫೆಬ್ರವರಿಯಲ್ಲೋ ಮಾರ್ಚ್‌ನಲ್ಲೋ, ಹವೆ ಶಾಂತವಾಗಿರುವಾಗ, ಫೋನನ್ನು ಮನೆಯಲ್ಲಿ ಒಂದೇ ಮೇಜಿನ ಮೇಲಿಟ್ಟು ಬೆಳಿಗ್ಗೆ ಹತ್ತಕ್ಕೂ ಸಂಜೆ ನಾಲ್ಕಕ್ಕೂ ಒತ್ತಡ ಬರೆದುಕೊಳ್ಳಿ. ಮಹಡಿ ಬದಲಿಸಬೇಡಿ. ಏಳು ದಿನ ಸಾಕು. ನಮ್ಮಲ್ಲಿ ಅದು ಮಾರಿಷಸ್‌ಗಿಂತ ತುಸು ಹೆಚ್ಚು, ಮೂರು ನಾಲ್ಕು ಹೆಕ್ಟೋಪ್ಯಾಸ್ಕಲ್‌ನ ಇಳಿತ ದಿನವೂ ಕಾಣಬೇಕು. ಆ ಪುಸ್ತಕವನ್ನು ಎತ್ತಿಟ್ಟುಕೊಂಡಿರಿ. ಮುಂದಿನ ನವೆಂಬರ್‌ನಲ್ಲಿ ಕೊಲ್ಲಿಯಿಂದ ಸುಳಿಯೊಂದು ಚೆನ್ನೈ ಕಡೆ ಬಂದ ದಿನ ಅದೇ ಮೇಜಿನ ಮೇಲೆ ಮತ್ತೆ ಓದಿ, ಹತ್ತು ಗಂಟೆಯ ಏರು ಬಂತೋ ಇಲ್ಲವೋ ನೋಡಿ.